ಲೂಸಿ, ಮಗಳ ಬಾಣಂತನ, ಮತ್ತ ನಾನು

ಅಮೆರಿಕಾಕ್ಕ ಹೋಗಿ ಬಂದ ಮ್ಯಾಲೆ ಓಣ್ಯಾಗ ಎಲ್ಲಾರೂ ಕೇಳಿದ್ದು ಒಂದ ಮಾತು: "ನಯಾಗರಾ ನೋಡಿದ್ರೇನ್ರಿ?" ನೋಡಿದೆ. ಮಗಳ ಮನಿಯಿಂದ ಅರ್ಧಾ ತಾಸಿನ ಹಾದಿ. ನೀರು ಭಾಳ, ಸಪ್ಪಳ ಭಾಳ, ಫೋಟೋನೂ ತಗಸ್ಕೊಂಡೀನಿ. ಆದ್ರ ಆರು ತಿಂಗಳು ಅಲ್ಲಿದ್ದು ನಾ ಮನಸಿನ್ಯಾಗ ಕಟಗೊಂಡು ಬಂದದ್ದು ನಯಾಗರಾ ಅಲ್ಲ. ತೀರಿಕೊಂಡು ಮೂವತ್ತು ವರ್ಷದ ಮ್ಯಾಲಾದ ಒಬ್ಬಾಕಿ ನಗಸೋ ನಟಿ ಕಥಿ. ಆಕಿ ಹೆಸರು ಲೂಸಿಲ್ ಬಾಲ್. ಫೋನಿನ್ಯಾಗ ಇದನ್ನ ಹೇಳಿದಾಗ ನಮ್ಮ ವೈನಿ, "ನೀ ಬಾಣಂತನ ಮಾಡ್ಲಿಕ್ಕೆ ಹೋಗೀಯೋ, ಟಿ.ವಿ. ನೋಡ್ಲಿಕ್ಕೆ ಹೋಗೀಯೋ?" ಅಂತ ನಕ್ಕಿದ್ರು. ಎರಡೂ ರೀ ವೈನಿ. ಎರಡೂ ಒಂದಕ್ಕೊಂದು ಹೆಂಗ ಕೂಡಿದ್ವು ಅಂತ ಹೇಳ್ತೀನಿ, ಚಹಾ ಕುಡಕೋತ ಓದ್ರಿ.

ನಾ ಹೋದದ್ದು 2022ರ ಡಿಸೆಂಬರ್ ಮೊದಲ ವಾರ. ಊರು ಬಫಲೋ. ನ್ಯೂಯಾರ್ಕ್ ಅಂದ ಕೂಡ್ಲೆ ಎಲ್ಲಾರಿಗೂ ಮುಗಿಲು ಮುಟ್ಟೋ ಕಟ್ಟಡ ನೆನಪಾಗತಾವ. ಇದು ಅದ ರಾಜ್ಯದ ಇನ್ನೊಂದು ತುದಿ, ಕೆನಡಾ ಗಡಿ ಹತ್ರ, ಈರೀ ಅನ್ನೋ ದೊಡ್ಡ ಸರೋವರದ ದಂಡಿ ಮ್ಯಾಲಿನ ಊರು. ನನ್ನ ಎರಡು ಪೆಟ್ಟಿಗಿ ತುಂಬ ಅಂಟು, ಕೊಬ್ರಿ, ಉತ್ತತ್ತಿ, ಬಾಣಂತಿ ಖಾರದ ಸಾಮಾನು. ತಳದಾಗ ಒಂದು ಹಸರು ಸೀರಿ, ಹಳೇ ಪಂಜೇದಾಗ ಸುತ್ತಿದ ಎರಡು ಡಜನ್ ಹಸರು ಗಾಜಿನ ಬಳಿ. ಮಗಳಿಗೆ ಕುಬಸಾ ಮಾಡಬೇಕು ಅಂತ ನನ್ನ ಆಸೆ.

ಹೋಗಿ ನೋಡಿದ್ರ ಆಕಿ ಕುಬಸಾ ಬ್ಯಾಡ ಅಂದ್ಲು. ಏಳು ತಿಂಗಳು ತುಂಬಿತ್ತು, ಇನ್ನೂ ಆಫೀಸಿನ್ಯಾಗ ಒಬ್ಬರಿಗೂ ಹೇಳಿರಲಿಲ್ಲ! ಮನಿಯಿಂದನ ಕೆಲಸ, ಕ್ಯಾಮೆರಾದಾಗ ಬರೇ ಮಾರಿ ಕಾಣತದ, ಹಿಂಗಾಗಿ ನಡದಿತ್ತು. "ಯಾಕವಾ, ಇದೇನು ಮುಚ್ಚಿಡೋ ಮಾತೇನು?" ಅಂದ್ರ, "ಹೋದ ಸಲ ಮೂರು ತಿಂಗಳಿಗೇ ಎಲ್ಲಾರಿಗೂ ಹೇಳಿದ್ದೆ. ಆಮ್ಯಾಲೆ ಒಬ್ಬೊಬ್ಬರಿಗೇ ಮತ್ತ ಹೇಳಬೇಕಾತಲ್ಲ, ಇಲ್ಲ, ಹೋತು ಅಂತ. ಅದು ಮತ್ತ ಆಗೂದಿಲ್ಲ ನನ್ನಿಂದ" ಅಂದ್ಲು. ನಾ ಸುಮ್ಮನಾದೆ. ಹೋದ ಸಲದ್ದು ಅಂದ್ರ ಎರಡು ವರ್ಷದ ಹಿಂದ ಗರ್ಭ ಇಳದದ್ದು. ಆಗ ಕೋವಿಡ್ ಕಾಲ, ನಾ ಹೋಗಲಿಕ್ಕೆ ಆಗಿರಲಿಲ್ಲ. ಫೋನಿನ್ಯಾಗ ಎರಡು ಮಾತಾಡಿದ್ದೆ. ಆ ಎರಡು ಮಾತು ಏನು ಅನ್ನೋದನ್ನ ಮುಂದ ಹೇಳ್ತೀನಿ.

ಬಾಜೂ ಮನ್ಯಾಗ ಒಬ್ಬಾಕಿ ಅಜ್ಜಿ ಇದ್ಲು, ಎಪ್ಪತ್ತೆಂಟರ ಆಜುಬಾಜು. ಗಂಡ ಇಲ್ಲ, ಮಕ್ಕಳು ದೂರ. ನಾ ಕೊಟ್ಟ ಅಂಟಿನುಂಡಿ ಒಂದನ್ನ ನಾಲ್ಕು ದಿನ ತಿಂದ್ಲು, ಹಂತಾ ಮಿತ. ನನಗ ಸಾಲಿ ಇಂಗ್ಲಿಷ್, ಆಕಿಗೆ ಮೂಗಿನ ಇಂಗ್ಲಿಷ್, ಆದ್ರೂ ಮಾತು ನಡೀತಿತ್ತು. ಒಂದಿನ ಆಕಿ ಒಂದು ಡಿವಿಡಿ ಪೆಟ್ಟಿಗಿ ತಂದುಕೊಟ್ಲು. ಮ್ಯಾಲೆ ಕಣ್ಣು ಅಗಲಿಸಿದ ಒಬ್ಬಾಕಿ ಹೆಂಗಸಿನ ಚಿತ್ರ. "ಐ ಲವ್ ಲೂಸಿ. ಇದು ನಮ್ಮೂರಿನ ಹುಡುಗಿ. ಮಗಳನ್ನ ನಗಸು, ನಕ್ರ ಕೂಸಿಗೆ ಛಲೋ" ಅಂದ್ಲು. ಅಜ್ಜಿ ತವರು ಜೇಮ್ಸ್‌ಟೌನ್, ಬಫಲೋದಿಂದ ಒಂದೂವರಿ ತಾಸು. ಲೂಸಿಲ್ ಬಾಲ್ ಹುಟ್ಟಿದ್ದೂ ಅಲ್ಲೇ, 1911ರ ಆಗಸ್ಟ್ 6ಕ್ಕ. ಪೆಟ್ಟಿಗಿ ಎರಡು ವಾರ ಹಂಗ ಬಿದ್ದಿತ್ತು. ಹಳೇ ಕಪ್ಪು ಬಿಳುಪು ಯಾರು ನೋಡ್ತಾರ ಅಂತ ನಾವು.

ಆಮ್ಯಾಲೆ ಬಂತ್ರಿ ಹಿಮದ ಬಿರುಗಾಳಿ.

ಡಿಸೆಂಬರ್ 23, ಶುಕ್ರವಾರ. ಮುಂಜಾನಿ ನೋಡ್ತೀವಿ, ಕಿಡಕಿ ಹೊರಗ ಏನೂ ಇಲ್ಲ, ಬರೇ ಬಿಳೇದು. ಎದುರಿನ ಮನಿ ಕಾಣವಲ್ದು. ನಾಲ್ಕೈದು ದಿನದಾಗ ನಾಲ್ಕಡಿಗಿಂತ ಹೆಚ್ಚು ಹಿಮಾ ಬಿತ್ತು. ಗಾಡಿ ಹೊರಗ ತಗೀಬ್ಯಾಡ್ರಿ ಅಂತ ಸರಕಾರದ ಹುಕುಂ. ಆ ಬಿರುಗಾಳಿಗೆ ಆ ಭಾಗದಾಗ 40ಕ್ಕೂ ಹೆಚ್ಚು ಜನ ತೀರಿಕೊಂಡ್ರು. ಕೆಲವು ಕಡೆ ಆಂಬುಲೆನ್ಸ್ ಸುದ್ದಾ ಹೋಗಲಿಕ್ಕೆ ಆಗಲಿಲ್ಲ ಅಂತ ಸುದ್ದಿ ಬರತಿತ್ತು. ನಮ್ಮ ಮನ್ಯಾಗ ಏಳು ತಿಂಗಳು ತುಂಬಿದ ಹುಡುಗಿ. ಆಕಿ ಸುಮ್ಮ ಹೊಟ್ಟಿ ಮ್ಯಾಲೆ ಕೈ ಇಟಗೊಂಡು ಕೂತ್ರ ನನ್ನ ಎದಿ ಧಸಕ್ ಅನ್ನೂದು. ಅಳಿಯಂದ್ರು ಫೋನ್ ಹಿಡಕೊಂಡು ಖೋಲಿಯಿಂದ ಖೋಲಿಗೆ ತಿರಗ್ಯಾಡೂದು. ದೇವರ ದಯಾ, ನಮ್ಮ ಮನಿ ಕರೆಂಟ್ ಹೋಗಲಿಲ್ಲ. ಆ ದಿನ ಸಂಜಿಕ ಮಗಳೇ ಅಂದ್ಲು, "ಅವ್ವಾ, ಆ ಸುದ್ದಿ ಬಂದ್ ಮಾಡು. ಅಜ್ಜಿ ಕೊಟ್ಟದ್ದು ಹಚ್ಚು."

ಮೊದಲ ಅರ್ಧಾ ತಾಸು ನಂಗೇನೂ ತಿಳೀಲಿಲ್ಲ. ಕೆಳಗ ಅಕ್ಷರ ಬರೂ ಹಂಗ ಮಾಡಿಕೊಟ್ರು, ಓದಿಕೋತ ನೋಡಿದೆ. ಕಥಿ ಏನು ದೊಡ್ಡದಲ್ಲ. ನ್ಯೂಯಾರ್ಕಿನ ಒಂದು ಸಣ್ಣ ಬಾಡಿಗಿ ಮನಿ. ಲೂಸಿ ಅನ್ನೋ ಹೆಣ್ಮಗಳು. ಗಂಡ ರಿಕಿ, ಕ್ಯೂಬಾ ದೇಶದವ, ಕ್ಲಬ್ಬಿನ್ಯಾಗ ವಾದ್ಯ ಬಾರಿಸೋ ತಂಡ ನಡಸ್ತಾನ. ಮನಿ ಮಾಲಕರು ಫ್ರೆಡ್ ಮತ್ತ ಎಥೆಲ್, ವಯಸ್ಸಾದ ಗಂಡ ಹೆಂಡತಿ. ಲೂಸಿಗೆ ಒಂದ ಆಸೆ, ತಾನೂ ಗಂಡನ ಹಂಗ ಸ್ಟೇಜ್ ಹತ್ತಬೇಕು. ಗಂಡಂದು ಒಂದ ಮಾತು, ಮನ್ಯಾಗಿರು. ಆಕಿ ಬಿಡೂದಿಲ್ಲ. ಎಥೆಲ್‌ನ ಜೋಡಿ ಮಾಡಿಕೊಂಡು ಏನರೆ ಒಂದು ಉಪದ್ವ್ಯಾಪ ಮಾಡ್ತಾಳ, ಸಿಕ್ಕಿ ಬೀಳ್ತಾಳ, ಅಳ್ತಾಳ, ಮತ್ತ ಮರುದಿನ ಶುರು. ನಮ್ಮ ಓಣ್ಯಾಗ ಇಂಥವರು ಇಬ್ಬರು ಇದ್ದಾರ, ಹೆಸರು ಹೇಳೂದಿಲ್ಲ.

ಚಾಕೊಲೇಟ್ ಕಾರ್ಖಾನೆ ಕಂತು ನೋಡಿ ನಾ ಹೊಟ್ಟಿ ಹಿಡಕೊಂಡು ನಕ್ಕೆ. ಗಂಡಸೂರು ಮನಿಗೆಲಸ, ಹೆಂಗಸೂರು ಹೊರಗಿನ ಕೆಲಸ ಅಂತ ಪಂಥ ಕಟ್ಟಿ, ಲೂಸಿ ಮತ್ತ ಎಥೆಲ್ ಚಾಕೊಲೇಟಿಗೆ ಕಾಗದಾ ಸುತ್ತಲಿಕ್ಕೆ ನಿಂತಾರ. ಚಾಕೊಲೇಟ್ ಪಟ್ಟಾದ ಮ್ಯಾಲೆ ಸಾಲಾಗಿ ಬರತಾವ, ಪಟ್ಟಾ ಜೋರಾಗತದ, ಕೈ ಮುಟ್ಟೂದಿಲ್ಲ. ಉಳದದ್ದನ್ನ ಬಾಯಾಗ ತುರಕೋತಾರ, ಟೊಪಗಿಯೊಳಗ ಹಾಕೋತಾರ, ಅಂಗಿಯೊಳಗ ಇಳಸ್ತಾರ. ಇತ್ತ ಮನ್ಯಾಗ ಗಂಡಸೂರು ಮಾಡಿದ ಅನ್ನ ಉಕ್ಕಿ ಒಲಿ ದಾಟಿ ನೆಲಕ್ಕ ಇಳೀತದ. ಮದವಿ ಮನ್ಯಾಗ ಹೋಳಿಗಿ ಲಟ್ಟಸಲಿಕ್ಕೆ ಕೂತಾಗ ಒಲಿ ಮುಂದಿನಾಕಿ ಅವಸರ ಮಾಡಿದ್ರ ಹೆಂಗಾಗತದ, ಹಂಗ! 1952ರ ಕಂತು ಅದು. ಎಪ್ಪತ್ತು ವರ್ಷ ಆದ್ರೂ ನಗು ಹಳಸಿಲ್ಲ.

ಮಗಳೂ ನಕ್ಲು. ಭಾಳ ದಿನದ ಮ್ಯಾಲೆ ಆಕಿ ನಕ್ಕದ್ದು ನೋಡಿದೆ.

ಈ ಲೂಸಿ ಯಾರು, ಎಲ್ಲಿಂದ ಬಂದಾಕಿ ಅಂತ ನಂಗ ಹುಚ್ಚು ಹತ್ತಿತು. ಅಜ್ಜಿ ಹೇಳಿದ್ದು ಒಂದಿಷ್ಟು, ಮಗಳು ಓದಿ ಹೇಳಿದ್ದು ಒಂದಿಷ್ಟು. ಅಪ್ಪ ಟೆಲಿಫೋನ್ ತಂತಿ ಎಳಿಯೋ ಕೆಲಸದಾವ. ಆಕಿಗೆ ಮೂರು ವರ್ಷ ಇದ್ದಾಗ ಟೈಫಾಯ್ಡ್ ಆಗಿ ಹೋದ. ಅವ್ವ ದುಡೀಲಿಕ್ಕೆ ಹೋಗ್ತಿದ್ಲು, ಅಜ್ಜ ಅಜ್ಜಿ ಕೈಯಾಗ ಬೆಳದ್ಲು. ಹದಿನೈದಕ್ಕ ನ್ಯೂಯಾರ್ಕಿಗೆ ನಾಟಕದ ಸಾಲಿಗೆ ಹೋದ್ರ, ಈ ಹುಡುಗಿ ಭಾಳ ನಾಚಕೋತಾಳ, ಈಕಿಗೆ ರೊಕ್ಕಾ ಹಾಕೂದು ದಂಡ ಅಂತ ಮನಿಗೆ ಕಳಿಸಿಬಿಟ್ರಂತ. ಮುಂದ ಅಂಗಡಿಯವರಿಗೆ ಬಟ್ಟಿ ತೊಟ್ಟು ತೋರಸೋ ಕೆಲಸ ಮಾಡಿದ್ಲು. 1933ರಾಗ ಹಾಲಿವುಡ್‌ಗೆ ಹೋಗಿ ಹಿಂದ ನಿಂತು ಕುಣಿಯೋ ಹುಡುಗ್ಯಾರೊಳಗ ಒಬ್ಬಾಕಿ ಆದ್ಲು. ಆರ್‌ಕೆಓ ಅನ್ನೋ ಸ್ಟುಡಿಯೋದಾಗ ವರ್ಷಾನುಗಟ್ಲೆ ಸಣ್ಣ ಸಣ್ಣ ಪಾತ್ರ. ಕಡಿಮಿ ಖರ್ಚಿನ ಸಿನಿಮಾಗಳ ರಾಣಿ ಅಂತ ಹೆಸರು ಬಿತ್ತು. ಹಂಗಂದ್ರ ಹೊಗಳಿಕಿನೂ ಹೌದು, ಚಾಷ್ಟಿನೂ ಹೌದು. ದೊಡ್ಡ ನಾಯಕಿ ಅಂತೂ ಆಗಲಿಲ್ಲ. ನಲವತ್ತು ಬಂತು. ಆ ದೇಶದಾಗೂ ನಲವತ್ತರ ನಟಿ ಅಂದ್ರ ಇನ್ನ ಅವ್ವನ ಪಾತ್ರ ಅನ್ನೋ ಲೆಕ್ಕ.

1940ರಾಗ ಒಂದು ಸಿನಿಮಾದ ಕೆಲಸದಾಗ ಡೆಸಿ ಆರ್ನಾಜ್ ಸಿಕ್ಕ. ಕ್ಯೂಬಾದಿಂದ ಬಂದಾವ, ಡೋಲು ಬಾರಿಸಿ ಹಾಡಾವ, ಆಕಿಗಿಂತ ಆರು ವರ್ಷ ಸಣ್ಣಾವ. ಅದ ವರ್ಷ ನವೆಂಬರಿನ್ಯಾಗ ಓಡಿ ಹೋಗಿ ಲಗ್ನ ಆದ್ರು. ಅವ ತಂಡ ಕಟಿಗೊಂಡು ಊರೂರು ತಿರಗಾವ, ಈಕಿ ಸ್ಟುಡಿಯೋದಾಗ. ಗಂಡ ಹೆಂಡತಿ ಒಂದ ಸೂರಿನ ಕೆಳಗ ಇರೂದೇ ಕಡಿಮಿ. ಅಷ್ಟರಾಗ ಆಕಿ ರೇಡಿಯೋದಾಗ ಒಂದು ನಗಿ ಕಾರ್ಯಕ್ರಮ ಮಾಡ್ತಿದ್ಲು, ಅದನ್ನ ಟಿ.ವಿ.ಗೆ ತರೋಣು ಅಂತ ಸಿಬಿಎಸ್ ಕಂಪನಿಯವರು ಕೇಳಿದ್ರು. ಆಕಿ ಹಾಕಿದ ಕಟ್ಟಳಿ ಒಂದ: ಗಂಡನ ಪಾತ್ರಕ್ಕ ನನ್ನ ಗಂಡನೇ ಬೇಕು. ಅವರು ಹಿಂದ ಮುಂದ ನೋಡಿದ್ರು. ಬಿಳಿ ಹೆಣ್ಮಗಳಿಗೆ ಕ್ಯೂಬಾದ ಗಂಡ, ಅವನ ತೊಡರೋ ಇಂಗ್ಲಿಷ್, ಜನ ಒಪ್ಪೂದಿಲ್ಲ ಅಂತ. ಈ ಗಂಡ ಹೆಂಡತಿ ಏನು ಮಾಡಿದ್ರು ಗೊತ್ತದ ಏನು? 1950ರಾಗ ಇಬ್ಬರೂ ಕೂಡಿ ಊರೂರಿಗೆ ಹೋಗಿ ಸ್ಟೇಜಿನ ಮ್ಯಾಲೆ ಆಡಿ ತೋರಿಸಿದ್ರು. ಜನ ಬಿದ್ದು ಬಿದ್ದು ನಕ್ರು. ಕಂಪನಿ ಬಾಯಿ ಮುಚ್ಚಿತು. ಗಂಡನ್ನ ಮನ್ಯಾಗ ಇಟಗೋಬೇಕು ಅಂತ ಒಂದು ಧಾರಾವಾಹಿನೇ ಕಟ್ಟಿದ ಹೆಂಗಸು ಆಕಿ.

1951ರ ಅಕ್ಟೋಬರ್ 15ಕ್ಕ 'ಐ ಲವ್ ಲೂಸಿ' ಶುರು ಆತು. ಅದಕ್ಕ ಮೂರು ತಿಂಗಳು ಮೊದಲು, ಜುಲೈ 17ಕ್ಕ, ಆಕಿಗೆ ಚೊಚ್ಚಲ ಮಗಳು ಹುಟ್ಟಿದ್ಲು. ಲಗ್ನ ಆಗಿ ಹತ್ತು ವರ್ಷದ ಮ್ಯಾಲೆ. ನಡುವ ಒಂದಕ್ಕಿಂತ ಹೆಚ್ಚು ಸಲ ಗರ್ಭ ಇಳದಿತ್ತು. ಮಗಳು ಇದನ್ನ ಓದಿ ಹೇಳಿ ತುಸು ಹೊತ್ತು ಸುಮ್ಮನಾದ್ಲು. ನಾ ಮಾತು ಬದಲ್ ಮಾಡಿದೆ. ಚಹಾಕ್ಕ ಇಡ್ಲೇನು ಅಂದೆ.

ಮರುದಿನ ಕ್ರಿಸ್‌ಮಸ್ ಹಿಂದಿನ ದಿನ. ಗಾಳಿ ಇನ್ನೂ ಊಳಿಡತಿತ್ತು. ಎರಡನೇ ವರ್ಷದ ಕಂತು ಹಚ್ಚಿದ್ವಿ. ಅಲ್ಲೇ ಬಂತು ಆ ಕಂತು.

1952ರಾಗ ಆಕಿ ಮತ್ತ ಬಸರಾದ್ಲು. ಆ ಕಾಲಕ್ಕ ನಟಿ ಬಸರಾದ್ರ ಏನು ಮಾಡಬೇಕು? ಒಂದೋ ಮನ್ಯಾಗ ಕೂಡಬೇಕು, ಇಲ್ಲಾ ಕುರ್ಚಿ ಹಿಂದ, ಸೋಫಾ ಹಿಂದ ಹೊಟ್ಟಿ ಮರಿ ಮಾಡಿ ನಿಲ್ಲಬೇಕು. ಇವರು ಅಂದ್ರು, ಲೂಸಿ ಬಸರಾಗ್ಯಾಳ ಅಂದ್ರ ಕಥಿಯೊಳಗಿನ ಲೂಸಿನೂ ಬಸರಾಗಲಿ. ಕಂಪನಿಯವರು, ಖರ್ಚು ಹಾಕೋ ಸಿಗರೇಟಿನವರು ಗಾಬರಿಯಾದ್ರು. ಕಡೀಕ ಒಪ್ಪಿದ್ರು, ಆದ್ರ ಬಸರು ಅನ್ನೋ ಶಬ್ದ ಮಾತ್ರ ಬಾಯಿಂದ ಬರಬಾರದು! ಆ ಇಂಗ್ಲಿಷ್ ಶಬ್ದ ಅಶ್ಲೀಲ ಅಂತ. ಅದರ ಬದಲಿ 'ದಾರಿ ಕಾಯಲಿಕ್ಹತ್ಯಾಳ' ಅನ್ನೂ ಅರ್ಥದ ಶಬ್ದ ಬಳಸಿದ್ರು. ಒಬ್ಬ ಕ್ಯಾಥಲಿಕ್ ಪಾದ್ರಿ, ಒಬ್ಬ ಪ್ರಾಟೆಸ್ಟೆಂಟ್ ಪಾದ್ರಿ, ಒಬ್ಬ ಯಹೂದಿ ಗುರು, ಮೂವರೂ ಕಂತುಗಳನ್ನ ತಪಾಸಣೆ ಮಾಡಿದ್ರಂತ. ಒಂದು ಹೊಟ್ಟಿಗೆ ಮೂರು ಧರ್ಮದ ಕಾವಲು!

ನಾ ನಕ್ಕೆ. ಮಗಳು ಅಂದ್ಲು, "ನೀವೇನು ಕಡಿಮಿ ಇದ್ದೀರಿ? 'ಏನರೆ ವಿಶೇಷ ಅದ ಏನವಾ' ಅಂತ ಕೇಳ್ತೀರಿ. 'ಹೊಟ್ಟೀಲೆ ಇದ್ದಾಳ', 'ದಿನಾ ತುಂಬ್ಯಾವ'. ಇದ್ದದ್ದು ಇದ್ದಂಗ ಯಾರು ಹೇಳ್ತೀರಿ?" ಖರೇ ಅಂತೀರೋ ಇಲ್ಲೋ? ಸಂತೋಷಕ್ಕರೆ ನಮ್ಮ ಹತ್ರ ನಾಕು ಸುತ್ತುಬಳಸು ಶಬ್ದ ಅವ. ಹೋದ ಕೂಸಿಗೆ ಒಂದೂ ಇಲ್ಲ. "ಹೋತು" ಅಂತೀವಿ, ಅಷ್ಟ.

ಆ ಕಂತಿನ್ಯಾಗ ಲೂಸಿ ಮುಂಜಾನಿಯಿಂದ ಗಂಡಗ ಸುದ್ದಿ ಹೇಳಬೇಕು ಅಂತ ನೋಡ್ತಾಳ, ಆಗೂದಿಲ್ಲ. ಒಂದು ಫೋನು, ಇನ್ನೊಬ್ಬರು ಬಂದ್ರು, ಅವಗ ಅವಸರ. ರಾತ್ರಿ ಅವನ ಕ್ಲಬ್ಬಿಗೆ ಹೋಗಿ ಹೆಸರಿಲ್ಲದ ಒಂದು ಚೀಟಿ ಕಳಸ್ತಾಳ, ಇಲ್ಲೊಬ್ಬಾಕಿ ಗಂಡಗ ಸುದ್ದಿ ಹೇಳೋಳದಾಳ, ಅವರ ಸಲುವಾಗಿ ಒಂದು ಹಾಡು ಹಾಡ್ರಿ ಅಂತ. ರಿಕಿ ಜೋಗುಳ ಹಾಡಿಕೋತ ಒಂದೊಂದೇ ಟೇಬಲ್ಲಿಗೆ ಹೋಗ್ತಾನ, ನೀವೇನು, ನೀವೇನು ಅಂತ. ಮುಂದಿನ ಟೇಬಲ್ಲಿನ್ಯಾಗ ನೋಡ್ತಾನ, ತನ್ನ ಹೆಂಡತಿ! ದಾಟಿ ಮುಂದ ಹೋಗಾವ ಥಟ್ಟನ ತಿರಗತಾನ. ಆಕಿ ತಲಿ ಹಾಕ್ತಾಳ. ಅವನ ಕಣ್ಣಾಗ ನೀರು, ಆಕಿ ಕಣ್ಣಾಗ ನೀರು, ಹಾಡು ತಪ್ಪತದ. ಅದು ನಟನೆ ಅಲ್ಲ ರೀ. ಇಬ್ಬರೂ ಖರೇನ ಅತ್ತಿದ್ರು, ಆ ಅಳು ಇದ್ದದ್ದನ್ನ ಹಂಗ ಉಳಿಸಿಕೊಂಡ್ರು. ಹತ್ತು ವರ್ಷ ಕೂಸಿಗೆ ಕಾದು, ಕಳಕೊಂಡು, ಪಡಕೊಂಡವರಿಗೆ ಆ ಅಳು ಬರೀ ಮಾತಿನ್ಯಾಗ ಬರೂದಲ್ಲ.

ತಿರುಗಿ ನೋಡಿದ್ರ ಮಗಳು ಬಿಕ್ಕಿ ಬಿಕ್ಕಿ ಅಳಲಿಕ್ಹತ್ತಿದ್ಲು. ಅಳಿಯಂದ್ರು ಟಿ.ವಿ. ನಿಲ್ಲಿಸಿ ಎದ್ದು ಅಡಗಿಮನಿಗೆ ಹೋದ್ರು, ಶ್ಯಾಣ್ಯಾರು. ನಾ ಆಕಿ ಬೆನ್ನ ಮ್ಯಾಲೆ ಕೈ ಇಟ್ಟೆ. ಆಗ ಆಕಿ ಅಂದ್ಲು, "ಅವ್ವಾ, ನಂಗ ಹಂಗಾದಾಗ ನೀ ಫೋನಿನ್ಯಾಗ ಏನಂದಿದ್ದಿ ನೆನಪದ ಏನು?"

ನೆನಪಿತ್ತು. "ಆತು ಬಿಡವಾ. ಯಾರ ಮುಂದನೂ ಹೇಳಬ್ಯಾಡ. ಇನ್ನ ಹುಟ್ಟತಾವ." ಇವ ಆ ಎರಡು ಮಾತು.

"ನಿಂಗ ಏನೂ ಅನಸಲೇ ಇಲ್ಲ ಅಂತ ನಾ ತಿಳಕೊಂಡೆ" ಅಂದ್ಲು.

ಅಕ್ಕಂದಿರಾ, ಆ ಹೊತ್ತಿಗೆ ನಾನು ಮೂವತ್ತಾರು ವರ್ಷದಿಂದ ಬಾಯಿ ಬಿಡದ ಮಾತು ಬಿಟ್ಟೆ. 1986ರಾಗ, ಈಕಿ ಹುಟ್ಟೂದಕ್ಕ ಎರಡು ವರ್ಷ ಮೊದಲು, ನಂದೂ ಹೋಗಿತ್ತು. ನಾಲ್ಕನೇ ತಿಂಗಳು. ಮೂರನೇ ದಿನಕ್ಕ ನಾ ಮತ್ತ ಭಕ್ರಿ ಬಡೀಲಿಕ್ಕೆ ಕೂತಿದ್ದೆ. ನಮ್ಮ ಅತ್ತಿಯವರು ಕೆಟ್ಟವರಲ್ಲ, ಬಿಸಿ ಹಾಲು ತಂದುಕೊಟ್ಟು ಅಂದಿದ್ರು, "ಆತು ಬಿಡು. ಯಾರ ಮುಂದನೂ ಹೇಳಬ್ಯಾಡ. ಇನ್ನ ಹುಟ್ಟತಾವ." ಅವರಿಗೆ ಅವರ ಅತ್ತಿ ಅದನ್ನ ಹೇಳಿರಬೇಕು. ನಾ ಅದ ಮಾತನ್ನ, ಒಂದಕ್ಷರ ಬದಲಿಲ್ಲದ, ನನ್ನ ಮಗಳಿಗೆ ಹೇಳಿದ್ದೆ. ಸಮಾಧಾನ ಅಂತ ಹೇಳಿದ್ದೆ. ಆಕಿಗೆ ಅದು ಬಾಗಲಾ ಹಾಕಿದಂಗ ಕೇಳಿಸಿತ್ತು.

ಇನ್ನೊಂದೂ ಹೇಳಿದೆ. ಈಕಿ ಹೊಟ್ಟಿಯೊಳಗ ಇದ್ದಾಗ ನಾ ಒಂದು ಖಾಸಗಿ ಸಾಲ್ಯಾಗ ಟೀಚರ್ ಇದ್ದೆ, ಕಾಯಂ ಅಲ್ಲ. ಐದು ತಿಂಗಳ ತನಕ ಸೆರಗು ಅಗಲ ಹೊದ್ದು ಮುಚ್ಚಿದೆ. ಗೊತ್ತಾದ ದಿನ ಕರದು, "ಮುಂದಿನ ತಿಂಗಳಿಂದ ಬ್ಯಾಡ್ರಿ, ದೊಡ್ಡ ಹುಡುಗೂರ ಮುಂದ ಛಂದ ಕಾಣೂದಿಲ್ಲ" ಅಂದ್ರು. ನಮ್ಮ ದೇಶದಾಗ ಹೆರಿಗಿ ರಜೆ ಕಾಯ್ದೆ 1961ರಾಗ ಆಗೇದ. ನಂಗ ಅದರ ಹೆಸರೂ ಗೊತ್ತಿರಲಿಲ್ಲ. ಸುಮ್ಮ ಕೈ ಚೀಲ ತಗೊಂಡು ಬಂದೆ. ಮನ್ಯಾಗ ಕೇಳಿದವರಿಗೆ ನಾನೇ ಬಿಟ್ಟೆ ಅಂದೆ. ಅಮೆರಿಕಾದಾಗನೂ ಬಸರಿ ಅಂತ ಕೆಲಸದಿಂದ ತಗೀಬಾರದು ಅನ್ನೂ ಕಾಯ್ದೆ ಬಂದದ್ದು 1978ರಾಗ. ಲೂಸಿ ತನ್ನ ಹೊಟ್ಟಿ ಹೊತಗೊಂಡು ಕ್ಯಾಮೆರಾ ಮುಂದ ನಿಂತು ಇಪ್ಪತ್ತಾರು ವರ್ಷದ ಮ್ಯಾಲೆ.

ಆ ರಾತ್ರಿ ಇಬ್ಬರೂ ಭಾಳ ಹೊತ್ತು ಕೂತ್ವಿ. ಹೊರಗ ಗಾಳಿ ಹಂಗ ಇತ್ತು.

ಮುಂದಿನ ಕಂತುಗಳು ನೋಡಿ ನಕ್ಕದ್ದೇ ಬ್ಯಾರೆ. ಬಸರು ಅನ್ನೂ ಶಬ್ದ ಇಲ್ಲದ ಬಸರಿನ ಏಳು ಕಂತು! ಒಂದರಾಗ ಹೆಂಡತಿಗೆ ಅಲ್ಲ, ಗಂಡಗ ಬ್ಯಾನಿ ಶುರುವಾಗತಾವ. ಕಡೀ ಕಂತಿನ್ಯಾಗ ರಿಕಿ, ಫ್ರೆಡ್, ಎಥೆಲ್ ಮೂವರೂ ತಾಲೀಮು ಮಾಡ್ಯಾರ, ಯಾರು ಪೆಟ್ಟಿಗಿ ಹಿಡೀಬೇಕು, ಯಾರು ಫೋನ್ ಮಾಡಬೇಕು, ಯಾರು ಲೂಸಿ ಕೈ ಹಿಡೀಬೇಕು. ಆಕಿ "ಹೊತ್ತು ಬಂತು" ಅಂದ ಕೂಡ್ಲೆ ಪೆಟ್ಟಿಗಿ ಚೆಲ್ಲಿ, ಒಬ್ಬರ ಮ್ಯಾಲೊಬ್ಬರು ಬಿದ್ದು, ಮೂವರೂ ಓಡಿ ಹೋಗ್ತಾರ, ಲೂಸಿನ್ನ ಮನ್ಯಾಗ ಬಿಟ್ಟು! ಅಳಿಯಂದ್ರ ಕಡೆ ನೋಡಿ ನಾವು ನಕ್ಕದ್ದೇ ನಕ್ಕದ್ದು. ಅವರು ಆಗಲೇ ಪೆಟ್ಟಿಗಿ ಕಟ್ಟಿ ಬಾಗಲಾ ಹತ್ರ ಇಟ್ಟಿದ್ರು.

ಆ ಕಂತು ಬಂದದ್ದು 1953ರ ಜನವರಿ 19, ಸೋಮವಾರ. ಕಥಿಯೊಳಗ ಲೂಸಿಗೆ ಗಂಡು ಹುಟ್ಟಿದ ದಿನಾನೇ ಆಸ್ಪತ್ರಿಯೊಳಗ ಖರೇ ಲೂಸಿಗೂ ಸಿಸೇರಿಯನ್ ಆಗಿ ಗಂಡು ಹುಟ್ಟಿತು. ಸುಮಾರು 4 ಕೋಟಿ 40 ಲಕ್ಷ ಜನ ನೋಡಿದ್ರಂತ. ಮರುದಿನ ಐಸೆನ್‌ಹೋವರ್ ಅಧ್ಯಕ್ಷರಾಗಿ ಪ್ರಮಾಣ ತಗೊಂಡದ್ದನ್ನ ನೋಡಿದವರು ಸುಮಾರು 2 ಕೋಟಿ 90 ಲಕ್ಷ. ಬಾಜೂ ಮನಿ ಅಜ್ಜಿಗೆ ಆಗ ಎಂಟು ವರ್ಷ. "ಮರುದಿನ ಸಾಲ್ಯಾಗ ಎಲ್ಲಾರ ಬಾಯಾಗೂ ಒಂದ ಮಾತು, ಲೂಸಿಗೆ ಗಂಡು! ಹೊಸಾ ಅಧ್ಯಕ್ಷರ ಸುದ್ದಿ ಯಾರಿಗೂ ಬೇಕಾಗಿರಲಿಲ್ಲ" ಅಂದ್ಲು.

ನಂಗ ಇದಕ್ಕಿಂತ ಹೆಚ್ಚು ಹಿಡಿಸಿದ್ದು ಇನ್ನೊಂದು ಸಂಗತಿ. ಆ ಕಾಲಕ್ಕ ಟಿ.ವಿ. ಕಾರ್ಯಕ್ರಮ ಅಂದ್ರ ನಾಟಕದಂಗ, ಆಡಿದ್ದು ಆಡಿದಾಗಲೇ ಮನಿಮನಿಗೆ ಹೋಗ್ತಿತ್ತು, ಮತ್ತ ಮುಗೀತು. ಅದನ್ನೂ ನ್ಯೂಯಾರ್ಕಿನಿಂದ ಆಡಬೇಕಿತ್ತು. ಈ ಗಂಡ ಹೆಂಡತಿ ಲಾಸ್ ಏಂಜಲಿಸ್‌ದಾಗಿನ ಮನಿ ಬಿಟ್ಟು ಬರೂದಿಲ್ಲ ಅಂದ್ರು. ಹಂಗಾದ್ರ ಸಿನಿಮಾದಂಗ ಫಿಲ್ಮಿನ್ಯಾಗ ತಗೀಬೇಕು, ಅದಕ್ಕ ಖರ್ಚು ಭಾಳ. ನಮ್ಮ ಪಗಾರ ಕಡಿಮಿ ಮಾಡ್ರಿ, ಬದಲಿಗೆ ಫಿಲ್ಮಿನ ಮಾಲಕಿ ನಮ್ಮ ಕಡೆ ಇರಲಿ ಅಂದ್ರು. ಕಂಪನಿಯವರು ಒಪ್ಪಿದ್ರು, ಹಳೇ ಫಿಲ್ಮ್ ಯಾರಿಗೆ ಬೇಕು ಅಂತ. ಕಾರ್ಲ್ ಫ್ರಾಯಿಂಡ್ ಅನ್ನೋ ಜರ್ಮನಿ ಕಡೆಯ ಹಿರಿಯ ಛಾಯಾಗ್ರಾಹಕರನ್ನ ಕರಕೊಂಡು, ಮೂರು ಕ್ಯಾಮೆರಾ ಒಮ್ಮೆಲೇ ಓಡಿಸಿ, ಎದುರಿಗೆ ಜನರನ್ನ ಕೂಡಿಸಿ ತಗದ್ರು. ಮುಂದ ಲೂಸಿ ಬಾಣಂತನದಾಗ ಆಕಿಗೆ ವಿಶ್ರಾಂತಿ ಬೇಕಲ್ಲ, ಹಳೇ ಕಂತುಗಳನ್ನೇ ಮತ್ತ ಹಾಕಿದ್ರು. ಜನ ಮತ್ತ ನೋಡಿದ್ರು! ಇವತ್ತು ನಾವು ನೀವು ಹಳೇ ಧಾರಾವಾಹಿ ಮರುಪ್ರಸಾರ ಅಂತ ನೋಡ್ತೀವಲ್ಲ, ಆ ರೂಢಿ ಗಟ್ಟಿ ಆದದ್ದರೊಳಗ ಈ ಬಾಣಂತನದ ಪಾಲೂ ಅದ. ಬಾಣಂತಿ ಮಲಕೊಂಡ್ರ ಮನಿ ಕೆಲಸ ನಿಲ್ಲತದ ಅಂತಾರಲ್ಲ, ಆಕಿ ಮಲಕೊಂಡಾಗ ಆಕಿ ಮಾಡಿಟ್ಟ ಕೆಲಸಾನೇ ದುಡದು ತಂತು.

ಸೋಮವಾರ ಗಾಳಿ ಇಳೀತು. ಮಂಗಳವಾರ ಅಳಿಯಂದ್ರು ಹಿಮಾ ಬಗದು ಅಜ್ಜಿ ಬಾಗಲಾ ತನಕ ಹಾದಿ ಮಾಡಿದ್ರು. ಮಗಳು ನನ್ನ ಪೆಟ್ಟಿಗಿ ಹತ್ರ ನಿಂತು, "ಆ ಹಸರು ಸೀರಿ ತಗೀ ಅವ್ವಾ" ಅಂದ್ಲು. ಮನ್ಯಾಗ ಇದ್ದ ಅಕ್ಕಿ, ಕೊಬ್ರಿ ಬಟ್ಟಲ, ಅಡಗಿಮನ್ಯಾಗಿನ ಬಾಳಿಹಣ್ಣು, ಅಷ್ಟರಾಗ ಉಡಿ ತುಂಬಿದೆ. ಅಜ್ಜಿನೂ ಒಂದು ಮುಷ್ಟಿ ಅಕ್ಕಿ ಹಾಕಿ ಆರತಿ ಹಿಡದ್ಲು. ಹಸರು ಬಳಿ ಕೈ ತುಂಬ ತೊಟ್ಟು ಮಗಳು ಕೂತದ್ದು ನೋಡಿ ನನ್ನ ಕಣ್ಣು ತುಂಬಿದ್ವು. ಹೊಸಾ ವರ್ಷದ ಮೊದಲ ವಾರ ಆಕಿ ಆಫೀಸಿನವರಿಗೆ ಹೇಳಿದ್ಲು. ಕ್ಯಾಮೆರಾ ಹಿಂದ ಸರಿಸಿ, ಎದ್ದು ನಿಂತು ತೋರಿಸಿದ್ಲು. ಫೆಬ್ರುವರಿಯೊಳಗ ಹೆಣ್ಣು ಕೂಸು ಹುಟ್ಟಿತು, ಸುಖರೂಪ.

ಲೂಸಿಯ ಉಳದ ಕಥಿನೂ ಹೇಳಿಬಿಡ್ತೀನಿ, ಅರ್ಧಾ ಬಿಟ್ರ ನಿಮಗ ನಿದ್ದಿ ಬರೂದಿಲ್ಲ. ಟಿ.ವಿ.ಯೊಳಗ ನಗೂ ಮನಿ, ಖರೇ ಮನ್ಯಾಗ ಜಗಳ. ಡೆಸಿ ಭಾಳ ಶ್ಯಾಣ್ಯಾ, ವ್ಯವಹಾರ ಎಲ್ಲಾ ಅವಂದೇ ತಲಿ, ಆದ್ರ ಕುಡತ ಮತ್ತ ಹೊರಗಿನ ಹೆಂಗಸೂರ ಸಹವಾಸ ಬಿಡಲಿಲ್ಲ. 1957ರ ಕೊನೀಕ ಇಬ್ಬರೂ ಕೂಡಿ ಆರ್‌ಕೆಓ ಸ್ಟುಡಿಯೋ ಕೊಂಡುಕೊಂಡ್ರು. ಹೌದು, ಆಕಿ ಹಿಂದ ಸಣ್ಣ ಪಗಾರಕ್ಕ ದುಡದ ಅದ ಸ್ಟುಡಿಯೋ! ಮೂರು ವರ್ಷಕ್ಕ, 1960ರಾಗ, ಸೋಡಚೀಟಿ ಆತು. ಲೂಸಿ 1961ರಾಗ ಗ್ಯಾರಿ ಮಾರ್ಟನ್‌ನ ಲಗ್ನ ಆದ್ಲು. 1962ರಾಗ ಸಾಲಾ ಮಾಡಿ ಡೆಸಿ ಪಾಲು ತಾನೇ ಕೊಂಡು, ಅಷ್ಟು ದೊಡ್ಡ ಸ್ಟುಡಿಯೋಕ್ಕ ಯಜಮಾನತಿ ಆದ್ಲು. ಅಂಥ ಕುರ್ಚಿ ಮ್ಯಾಲೆ ಕೂತ ಮೊದಲ ಹೆಂಗಸು ಆಕಿನೇ. ಅಳಿಯಂದ್ರಿಗೆ ಭಾಳ ಸೇರೋ 'ಸ್ಟಾರ್ ಟ್ರೆಕ್' 1966ರಾಗ ಶುರುವಾದದ್ದು ಆಕಿ ಸ್ಟುಡಿಯೋದಿಂದ. 1967ರಾಗ ಅದನ್ನ 1 ಕೋಟಿ 70 ಲಕ್ಷ ಡಾಲರಿಗೆ ಮಾರಿದ್ಲು. ಆಕಿ ಧಾರಾವಾಹಿಗಳು 1974ರ ತನಕ ನಡದ್ವು. ಎಪ್ಪತ್ತೈದನೇ ವಯಸ್ಸಿಗೆ, 1986ರಾಗ, ಮತ್ತೊಂದು ಶುರು ಮಾಡಿದ್ಲು, ಎಂಟು ಕಂತಿಗೆ ನಿಂತುಹೋತು. ಅದ ವರ್ಷ ಡಿಸೆಂಬರಿನ್ಯಾಗ ಡೆಸಿ ತೀರಿಕೊಂಡ. 1989ರ ಏಪ್ರಿಲ್ 26ಕ್ಕ ಆಕಿನೂ ಹೋದ್ಲು.

ಆಕಿ ಹುಟ್ಟಾ ನಗಸಾಕಿ ಅಲ್ಲ, ಇದನ್ನ ನೆನಪಿಡ್ರಿ. ಒಂದು ಬಿದ್ದು ಏಳೂದನ್ನ ಹತ್ತು ಸಲ ತಾಲೀಮು ಮಾಡಾಕಿ. ಬರಿಯೋರೊಳಗ ಮ್ಯಾಡಲಿನ್ ಪ್ಯೂ ಅಂತ ಒಬ್ಬಾಕಿ ಹೆಣ್ಮಗಳಿದ್ಲು, ಲೂಸಿ ಕಡಿಂದ ಮಾಡಸೋ ಉಪದ್ವ್ಯಾಪನ್ನೆಲ್ಲಾ ಮೊದಲು ತಾನು ಮಾಡಿ ನೋಡ್ತಿದ್ಲಂತ. ಇನ್ನ ಆ ಕೆಂಪು ಕೂದಲಾ, ಅದು ಹುಟ್ಟಿನದಲ್ಲ, ಮದರಂಗಿ! ನಮ್ಮ ಮೆಹಂದಿನೇ. ಅದೂ ಕಪ್ಪು ಬಿಳುಪು ಟಿ.ವಿ.ಯೊಳಗ ಯಾರಿಗೂ ಕಾಣಲಿಲ್ಲ.

ಮೇ ತಿಂಗಳಾಗ ಮೂರು ತಿಂಗಳ ಕೂಸಿನ್ನ ಕರಕೊಂಡು, ಅಜ್ಜಿನೂ ಕೂಡಿಸಿಕೊಂಡು ಜೇಮ್ಸ್‌ಟೌನಿಗೆ ಹೋದ್ವಿ. ಬಾಜೂಕ ಸೆಲೋರಾನ್ ಅನ್ನೋ ಹಳ್ಳಿ, ಆಕಿ ಬೆಳದದ್ದು ಅಲ್ಲೇ. ಅಲ್ಲಿ ಕೆರಿ ದಂಡಿ ಮ್ಯಾಲಿನ ಪಾರ್ಕಿನ್ಯಾಗ ಆಕಿದು ಎರಡು ಮೂರ್ತಿ ಅವ. 2009ರಾಗ ನಿಲ್ಲಿಸಿದ್ದು ನೋಡಿ ಜನ ಹೆದರಿ 'ಅಂಜಸೋ ಲೂಸಿ' ಅಂತ ಹೆಸರಿಟ್ರು, 2016ರಾಗ ಛಂದಂದು ಮತ್ತೊಂದು ಮಾಡಿಸಿದ್ರು. ಆಮ್ಯಾಲೆ ಲೇಕ್ ವ್ಯೂ ಸ್ಮಶಾನಕ್ಕ ಹೋದ್ವಿ. ಮಕ್ಕಳು 2002ರಾಗ ಆಕಿ ಬೂದಿಯನ್ನ ಹಾಲಿವುಡ್ಡಿನಿಂದ ತಂದು ಹಡದವ್ವನ ಬಾಜೂಕ ಇಟ್ಟಾರ. ಎಲ್ಲಾ ಊರು ತಿರಗಿ ಕಡೀಕ ತವರಿಗೆ ಬಂದಂಗ. ಅಜ್ಜಿ ಕಲ್ಲಿನ ಮ್ಯಾಲಿನ ಎಲಿ ಕೈಲೆ ಸರಿಸಿದ್ಲು. ಮಗಳು ಕೂಸಿನ್ನ ಎತಗೊಂಡು ತುಸು ಹೊತ್ತು ನಿಂತು, ನನ್ನ ಕಡೆ ತಿರುಗಿ, "ಅವ್ವಾ, ಅದು ಇದ್ದಿದ್ರ ನಂಗ ಅಣ್ಣಾ ಇರತಿದ್ನೋ, ಅಕ್ಕಾ ಇರತಿದ್ಲೋ?" ಅಂದ್ಲು. ಮೂವತ್ತಾರು ವರ್ಷದಾಗ ಅದನ್ನ ನನಗ ಯಾರೂ ಕೇಳಿರಲಿಲ್ಲ. "ಗೊತ್ತಿಲ್ಲವಾ. ಹೆಣ್ಣು ಅಂತ ನಂಗ ಅನಸ್ತಿತ್ತು" ಅಂದೆ. ಇಬ್ಬರೂ ಕಾರಿನ ಕಡೆ ನಡದ್ವಿ.

ಅಜ್ಜಿ ಆ ಡಿವಿಡಿ ಪೆಟ್ಟಿಗಿ ನನಗ ಕೊಟ್ಟು ಕಳಿಸ್ಯಾಳ. ಮಗನ ಹಳೇ ಲ್ಯಾಪ್‌ಟಾಪಿನ್ಯಾಗ ಓಡತದ. ಬುಧವಾರ ಮಧ್ಯಾಹ್ನ ನಮ್ಮ ಮನಿಗೆ ಬರ್ರಿ, ಚಾಕೊಲೇಟ್ ಕಂತು ಹಚ್ಚತೀನಿ. ಅವಲಕ್ಕಿ ಹಚ್ಚಿದ್ದು ಇರತದ. ಮತ್ತ ಬರೂ ಮುಂದ ಯಾರಿಗರೆ ಹೇಳಲಾರದ ಮಾತಿದ್ರ ಅದನ್ನೂ ತರ್ರಿ. "ಆತು ಬಿಡು" ಅಂತ ನಾ ಇನ್ನ ಅನ್ನೂದಿಲ್ಲ.